ಭೂವಿಜ್ಞಾನಿಯ ನಕ್ಷೆಯೂ ಖನಿಜಾನ್ವೇಷಣೆಯೂ

ನಾಡಿನ ಯಾವುದೋ ಒಂದು ತಾಲ್ಲೂಕಿನಲ್ಲಿ ಲಿಥಿಯಂ ದೊರೆಯಿತೆಂದೋ ಚಿನ್ನದ ನಿಕ್ಷೇಪ ಪತ್ತೆಯಾಯಿತೆಂದೋ ಪತ್ರಿಕೆಗಳಲ್ಲಿ ವರದಿ ಬಂದೊಡನೆ, ಓದುವವರ ಮನಸ್ಸಿನಲ್ಲಿ ಗಣಿಯೂ ಕಾರ್ಖಾನೆಯೂ ಅವುಗಳಿಂದ ಹರಿದುಬರುವ ಐಶ್ವರ್ಯವೂ ಒಟ್ಟೊಟ್ಟಿಗೆ ಸಿದ್ಧವಾಗಿ ನಿಂತುಬಿಡುತ್ತವೆ. ಮಂಡ್ಯ ಜಿಲ್ಲೆಯ ಮರಳಗಾಲ ಮತ್ತು ಅಲ್ಲಾಪಟ್ಟಣಗಳ ಸುತ್ತಿನ ಪೆಗ್ಮಟೈಟ್ ಶಿಲೆಗಳಲ್ಲಿ ಲಿಥಿಯಂ ಉಂಟೆಂಬ ಸುದ್ದಿ 2020ರಲ್ಲಿ ಹಬ್ಬಿದಾಗ ಅದರ ಪ್ರಮಾಣ 14,100 ಟನ್ ಎಂದು ದೇಶವೆಲ್ಲ ಮಾತಾಡಿಕೊಂಡಿತು. ಪರಮಾಣು ಖನಿಜ ನಿರ್ದೇಶನಾಲಯದವರು ನೆಲದ ಮೇಲೆ ನಡೆಸಿದ ಪರಿಶೀಲನೆಯಿಂದಲೂ, ನೆಲದೊಳಗೆ ಪರಿಮಿತವಾಗಿ ನಡೆಸಿದ ಶೋಧನೆಯಿಂದಲೂ ಕಟ್ಟಿದ ಅಂದಾಜಾದರೋ 1,600 ಟನ್ ಮಾತ್ರ, ಮತ್ತು ಅದೂ 'ಅನುಮಿತ' ಎಂಬ ವರ್ಗಕ್ಕೆ ಸೇರಿದ್ದು. ಈ ಎರಡು ಅಂಕಿಗಳ ನಡುವಣ ಅಂತರವನ್ನು ಅಂದು ಯಾರೂ ಹೆಚ್ಚಾಗಿ ವಿಚಾರಿಸಲಿಲ್ಲ. ವಿಚಾರಿಸಿದ್ದರೆ, ಒಂದು ಬಂಡೆಯ ಮೇಲಿನ ಹೊಳಪಿಗೂ ಒಂದು ಗಣಿಯ ಬಾಗಿಲಿಗೂ ನಡುವೆ ಎಷ್ಟು ದೀರ್ಘವಾದ, ಎಷ್ಟು ಶ್ರಮಸಾಧ್ಯವಾದ ಮಾರ್ಗವಿದೆಯೆಂಬುದೂ, ಆ ಮಾರ್ಗದ ಮೊದಲ ಭಾಗವನ್ನೆಲ್ಲ ಕಾಲ್ನಡೆಯಿಂದಲೇ ಕ್ರಮಿಸುವ ಒಂದು ವರ್ಗದ ವಿದ್ವಾಂಸರಿದ್ದಾರೆಂಬುದೂ ಜನಕ್ಕೆ ತಿಳಿಯುತ್ತಿತ್ತು. ಆ ವರ್ಗವನ್ನು ಬೆಳೆಸುವ ಕಾರ್ಯದಲ್ಲಿ ನಾವು ಇತ್ತೀಚೆಗೆ ಉದಾಸೀನರಾಗುತ್ತಿದ್ದೇವೆಂಬುದು ನನ್ನ ಅಭಿಪ್ರಾಯ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ದೇಶದಲ್ಲಿ ಖನಿಜಾನ್ವೇಷಣೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿ, ಮೊಟ್ಟಮೊದಲಿನ ಸ್ಥೂಲ ಸಮೀಕ್ಷೆಗೆ ಜಿ-4 ಎಂದೂ ಕಟ್ಟಕಡೆಯ ವಿವರವಾದ ಅನ್ವೇಷಣೆಗೆ ಜಿ-1 ಎಂದೂ ಹೆಸರಿಟ್ಟಿದ್ದಾರೆ. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬರುವ ಶೋಧಗಳಲ್ಲಿ ಹಲವು ಮೊದಲ ಎರಡು ಹಂತಗಳವು. ಎಂದರೆ, ನಕ್ಷೆಯ ಹಂತದವು. ಜಮ್ಮು ಪ್ರಾಂತದ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ಅನುಮಿತ ಸಂಪನ್ಮೂಲವಿದೆಯೆಂದು 2023ರ ಫೆಬ್ರವರಿಯಲ್ಲಿ ಘೋಷಣೆಯಾದದ್ದೂ ಜಿ-3 ಹಂತದ ಕಾರ್ಯದ ಆಧಾರದ ಮೇಲೆಯೇ; ಅನಂತರ ಆ ಪ್ರದೇಶವನ್ನು ಹರಾಜಿಗಿಟ್ಟಾಗ ಸಾಕಷ್ಟು ಮಂದಿ ಮುಂದೆ ಬರಲಿಲ್ಲ. ಹಣ ಹೂಡುವವನು ಘೋಷಣೆಯನ್ನು ಓದಿ ತೃಪ್ತನಾಗನು, ನಕ್ಷೆಯನ್ನು ಬಿಡಿಸಿ ನೋಡುವನು. ಅದರ ಗೆರೆಗಳು ಎಷ್ಟರಮಟ್ಟಿಗೆ ನಂಬಲರ್ಹವೆಂಬುದರ ಮೇಲೆಯೇ ಅವನ ನಿರ್ಧಾರ ನಿಂತಿರುತ್ತದೆ.

ಈ ನಕ್ಷೆ ಎಂಬುದು ಹೇಗೆ ಹುಟ್ಟುತ್ತದೆ? ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ಒಂದೂವರೆ ಶತಮಾನದ ಚರಿತ್ರೆಯಿದೆ. 1851ರಲ್ಲಿ ಸ್ಥಾಪಿತವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ 1858ರಲ್ಲಿ ಸೇರಿದ ರಾಬರ್ಟ್ ಬ್ರೂಸ್ ಫುಟ್ ಎಂಬ ಮಹನೀಯರು, ಧಾರವಾಡ ಜಿಲ್ಲೆಗೆ ಅಂದು ಸೇರಿದ್ದ ಡಂಬಳದ ಗುಡ್ಡಗಳ, ಎಂದರೆ ಇಂದಿನ ಗದಗ ಜಿಲ್ಲೆಯ ಕಪ್ಪತಗುಡ್ಡದ, ಚಿನ್ನವಿರುವ ಶಿಲೆಗಳನ್ನು ಕುರಿತು 1874ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಆ ಗುಡ್ಡದಿಂದ ಇಳಿಯುವ ಸೊರಟೂರಿನ ಹಳ್ಳದಂಥ ಹಳ್ಳಗಳಲ್ಲಿ ಮಳೆಗಾಲ ಮುಗಿದ ಮೇಲೆ ಮರಳನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುತ್ತಿದ್ದ ಜಲಗಾರರು ಅಲ್ಲಿ ತಲೆತಲಾಂತರದಿಂದ ಇದ್ದರು. ಮರಳು ತೊಳೆಯುವ ಈ ಕೆಲಸ ನೋಡುವುದಕ್ಕೆ ಬಹಳ ಸರಳ: ಹಳ್ಳದ ತಿರುವಿನಲ್ಲಿ, ಬಂಡೆಯ ಸಂದಿನಲ್ಲಿ ತಂಗಿದ ಮರಳನ್ನು ಮರಿಗೆಗೆ ತುಂಬಿ, ನೀರಿನಲ್ಲಿ ಮೆಲ್ಲಗೆ ತೂಗುತ್ತ ತಿರುಗಿಸುತ್ತ ಹೋದರೆ, ಹಗುರವಾದ ಬಿಳಿಯ ಮರಳೂ ಮಣ್ಣೂ ನೀರಿನೊಡನೆ ಅಂಚನ್ನು ದಾಟಿ ಹೋಗುತ್ತವೆ, ತಳದಲ್ಲಿ ಕಬ್ಬಿಣದ ಅಂಶವುಳ್ಳ ಕರಿಯ ಮರಳು ಒಂದು ತೆಳ್ಳನೆಯ ಬಾಲದಂತೆ ಉಳಿಯುತ್ತದೆ, ಆ ಕಪ್ಪಿನ ತುದಿಯಲ್ಲಿ, ಅದೃಷ್ಟವಿದ್ದರೆ, ಸಾಸಿವೆಗಿಂತಲೂ ಸಣ್ಣದಾದ ಒಂದೆರಡು ಹಳದಿಯ ಕಣಗಳು. ಜಲಗಾರನಿಗೆ ಕೆಲಸ ಅಲ್ಲಿಗೆ ಮುಗಿಯಿತು. ಭೂವಿಜ್ಞಾನಿಗೆ ಅದು ಪ್ರಾರಂಭ. ಹಳ್ಳದ ಯಾವ ಕವಲಿನಲ್ಲಿ ಕಣಗಳು ಹೆಚ್ಚು, ಯಾವುದರಲ್ಲಿ ಕಡಮೆ, ಮೇಲೆ ಮೇಲೆ ಹೋದಂತೆ ಎಲ್ಲಿ ಅವು ನಿಂತುಹೋಗುತ್ತವೆ, ಅಲ್ಲಿ ಪಕ್ಕದ ದಿಬ್ಬದಲ್ಲಿರುವ ಶಿಲೆ ಯಾವುದು, ಅದರಲ್ಲಿ ಬೆಣಚುಕಲ್ಲಿನ ಎಳೆಗಳುಂಟೇ, ಉಂಟಾದರೆ ಅವು ಯಾವ ದಿಕ್ಕಿಗೆ ಓಡುತ್ತವೆ - ಈ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತ, ಉತ್ತರವನ್ನು ಕಾಗದದ ಮೇಲೆ ಆಯಾ ಸ್ಥಳದಲ್ಲಿಯೇ ಗುರುತಿಸುತ್ತ ಹೋಗುವುದೇ ಅವನ ವೃತ್ತಿ. ಇಂದು ಸರ್ವೇಕ್ಷಣ ಸಂಸ್ಥೆಯವರು ದೇಶದಾದ್ಯಂತ ಕೈಗೊಂಡಿರುವ ಭೂರಾಸಾಯನಿಕ ನಕ್ಷಾಕಾರ್ಯದಲ್ಲಿ ಒಂದೊಂದು ಚದರ ಕಿಲೋಮೀಟರಿಗೆ ಒಂದು ಮಾದರಿಯಂತೆ ಹಳ್ಳಕೊಳ್ಳಗಳ ಮಣ್ಣನ್ನು ಸಂಗ್ರಹಿಸಿ ಹತ್ತಾರು ಮೂಲವಸ್ತುಗಳಿಗಾಗಿ ಪರೀಕ್ಷಿಸುತ್ತಾರಷ್ಟೆ. ಪ್ರಯೋಗಾಲಯದ ಯಂತ್ರಗಳು ಹೊಸವು, ತರ್ಕವಾದರೋ ಸೊರಟೂರಿನ ಹಳ್ಳದ್ದೇ.

1887ರಲ್ಲಿ ಮೈಸೂರು ಸರ್ಕಾರ ಫುಟ್ ಅವರನ್ನು ಕರೆಯಿಸಿಕೊಂಡು ಸಂಸ್ಥಾನದ ಚಿನ್ನದ ಪ್ರದೇಶಗಳನ್ನು ಪರಿಶೀಲಿಸುವಂತೆ ಕೇಳಿಕೊಂಡಿತು. ಅವರು ಸಂಸ್ಥಾನವನ್ನು ಅಡ್ಡಡ್ಡಲಾಗಿ ಸಂಚರಿಸಿ, ನೈಸ್ ಮತ್ತು ಗ್ರಾನೈಟ್‌ಗಳ ವಿಸ್ತಾರವಾದ ನೆಲದ ನಡುವೆ ಉತ್ತರ ದಕ್ಷಿಣವಾಗಿ ಹಾಯ್ದುಹೋಗುವ ಕಿರಿದಾದ ಪಟ್ಟಿಗಳನ್ನು ಗುರುತಿಸಿದರು. ಆ ಪಟ್ಟಿಗಳ ಶಿಲೆಗಳಿಗೆ ಧಾರವಾಡ ಶ್ರೇಣಿಯೆಂದು ನಾಮಕರಣ ಮಾಡಿ, ದಕ್ಷಿಣ ಭಾರತದ ಚಿನ್ನಕ್ಕೆ ಮುಖ್ಯ ಆಶ್ರಯ ಈ ಶ್ರೇಣಿಯೇ ಎಂದು ಪ್ರತಿಪಾದಿಸಿದರು. ಕೋಲಾರದ ಪಟ್ಟಿ ಉದ್ದದಲ್ಲಿ ಸುಮಾರು 80 ಕಿಲೋಮೀಟರ್, ಅಗಲದಲ್ಲಾದರೋ ಕೆಲವೇ ಕಿಲೋಮೀಟರ್. ಅದರೊಳಗಿನ ಒಂದು ಸಣ್ಣ ಭಾಗದಿಂದ ಒಂದು ಶತಮಾನಕ್ಕೂ ಮೇಲ್ಪಟ್ಟ ಕಾಲದಲ್ಲಿ, ಮೂರು ಕಿಲೋಮೀಟರಿಗಿಂತ ಹೆಚ್ಚಿನ ಆಳದವರೆಗೆ ಇಳಿದು, ಸುಮಾರು 800 ಟನ್ ಚಿನ್ನವನ್ನು ತೆಗೆದರು. ಹೀಗಿರುವಾಗ ಪಟ್ಟಿಯ ಅಂಚನ್ನು ನಕ್ಷೆಯಲ್ಲಿ ಎರಡು ಕಿಲೋಮೀಟರ್ ಅತ್ತಿತ್ತ ಎಳೆದರೆ ಅನ್ವೇಷಕನ ಶ್ರಮವೂ ಹಣವೂ ಬರಿಯ ಗ್ರಾನೈಟಿನಲ್ಲಿ ವ್ಯರ್ಥವಾಗುವುದೆಂಬುದನ್ನು ಬೇರೆ ಹೇಳಬೇಕಾದ್ದಿಲ್ಲ.

1894ರಲ್ಲಿ ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಪ್ರಾರಂಭವಾಯಿತು. ನಿವೃತ್ತರಾಗಿದ್ದ ಫುಟ್ ಅವರೇ ಅದರ ಮೊದಲ ಮುಖ್ಯಸ್ಥರಾದರು. ದೇಶೀಯ ಸಂಸ್ಥಾನವೊಂದು ತನ್ನ ನೆಲದ ಶಿಲೆಗಳನ್ನು ತಾನೇ ಓದಿಸಿಕೊಳ್ಳಬೇಕೆಂದು ಅಷ್ಟು ಹಿಂದೆಯೇ ಸಂಕಲ್ಪಿಸಿದ್ದು ದೊಡ್ಡ ಸಂಗತಿ. ಅವರ ಅನಂತರ ಆ ಹೊಣೆಯನ್ನು ಹೊತ್ತ ಡಬ್ಲ್ಯು. ಎಫ್. ಸ್ಮೀತ್ ಅವರು, ಸಂಪತ್ ಅಯ್ಯಂಗಾರ್, ಜಯರಾಮ್ ಮೊದಲಾದ ಕನ್ನಡ ನಾಡಿನ ಭೂವಿಜ್ಞಾನಿಗಳ ಸಹಾಯದಿಂದ, ಸಂಸ್ಥಾನವನ್ನೆಲ್ಲ ಅಂಗುಲ ಅಂಗುಲವಾಗಿ ನಕ್ಷೆಗಿಳಿಸಿದರು. ಕುದುರೆಮುಖದ ಕಬ್ಬಿಣದ ಅದಿರನ್ನು 1913ರಲ್ಲಿ ಗುರುತಿಸಿದವರು ಈ ಸಂಪತ್ ಅಯ್ಯಂಗಾರ್ ಅವರೇ. ಅಂದಿನ ಮಲೆನಾಡಿನ ಕಾಡು, ಜಿಗಣೆ, ಚಳಿಜ್ವರ ಇವುಗಳ ನಡುವೆ ಡೇರೆ ಹಾಕಿಕೊಂಡು, ಎತ್ತಿನ ಗಾಡಿ ಹೋಗುವಷ್ಟು ದೂರ ಗಾಡಿಯಲ್ಲಿಯೂ ಆಮೇಲೆ ಕಾಲ್ನಡೆಯಲ್ಲಿಯೂ ಹೋಗಿ ದುಡಿದ ಆ ಜನರ ಹೆಸರುಗಳು ಇಂದು ಇಲಾಖೆಯ ಹಳೆಯ ವರದಿಗಳ ಹೊರಗೆ ಎಲ್ಲಿಯೂ ಕಾಣುವುದಿಲ್ಲ ಎಂಬುದು ನನಗೆ ವ್ಯಥೆಯ ವಿಷಯ.

ನಕ್ಷೆಯೆಂದರೆ ಬಣ್ಣ ತುಂಬಿದ ಚಿತ್ರಪಟವೆಂದು ಭಾವಿಸುವವರು, ಫುಟ್ ಮತ್ತು ಸ್ಮೀತ್ ಅವರ ನಡುವಣ ಅಭಿಪ್ರಾಯಭೇದವನ್ನು ಒಮ್ಮೆ ಪರಿಶೀಲಿಸುವುದು ಒಳ್ಳೆಯದು. ಧಾರವಾಡ ಶಿಲೆಗಳಲ್ಲಿ ಬಹುಭಾಗವು ನೀರಿನಲ್ಲಿ ಪದರಪದರವಾಗಿ ತಂಗಿದ ಮಣ್ಣು ಮರಳು ಜಲ್ಲಿಗಳಿಂದಲೂ, ಅವುಗಳೊಡನೆ ಹರಿದ ಲಾವಾದಿಂದಲೂ ಆದದ್ದೆಂದು ಫುಟ್ ಹೇಳಿದ್ದರು. ಸ್ಮೀತ್ ಅವರು ಹಾಗೆ ಒಪ್ಪಲಿಲ್ಲ. ಅವರ ಮತದಂತೆ ಈ ಶಿಲೆಗಳು ಬಹುಮಟ್ಟಿಗೆ ಅಗ್ನಿಜನ್ಯವಾದವು, ಅವುಗಳಲ್ಲಿ ಕಾಣುವ ದುಂಡಗಿನ ಕಲ್ಲುಗಳು ಹೊಳೆಯಲ್ಲಿ ಉರುಳಿ ನುಣುಪಾದವಲ್ಲ, ಭೂಮಿಯ ಒತ್ತಡದಲ್ಲಿ ಬಂಡೆಯೇ ಜಜ್ಜಿಹೋಗಿ ಹಾಗಾದವು. ಇದು ಪಂಡಿತರ ನಡುವಣ ವಾದವೆಂದು ತಳ್ಳಿಹಾಕಲು ಬರುವುದಿಲ್ಲ. ಬಾಬಾಬುಡನ್ ಗಿರಿಯ ಕಬ್ಬಿಣದ ಶಿಲೆ ನೀರಿನಲ್ಲಿ ತಂಗಿದ ಪದರವಾದರೆ, ಅದು ಮಡಿಕೆಬಿದ್ದು ನೆಲದೊಳಕ್ಕೆ ಇಳಿದ ಕಡೆ, ಮಡಿಕೆಯ ರೀತಿಯನ್ನು ಲೆಕ್ಕಹಾಕಿ ಮತ್ತೆ ಎಲ್ಲಿ ಮೇಲಕ್ಕೆ ಬರಬೇಕೆಂಬುದನ್ನು ಮುಂಚಿತವಾಗಿಯೇ ಹೇಳಬಹುದು. ಅದು ಅಗ್ನಿಜನ್ಯ ಶಿಲೆ ಮಾರ್ಪಟ್ಟು ಆದದ್ದಾದರೆ ಆ ಲೆಕ್ಕವೇ ಸಲ್ಲದು. ಮುಂದೆ ಇಲಾಖೆಯ ಬಿ. ರಾಮರಾಯರೇ ಮೊದಲಾದವರು ತಾಳ್ಯದಂಥ ಸ್ಥಳಗಳ ಉಂಡೆಗಲ್ಲುಗಳನ್ನೂ, ಮರಳುಗಲ್ಲಿನ ಮೇಲೆ ಅಚ್ಚೊತ್ತಿದ ಅಲೆಗುರುತುಗಳನ್ನೂ ಮತ್ತೆ ಮತ್ತೆ ಪರೀಕ್ಷಿಸಿ, ನೀರಿನ ಕೈವಾಡವನ್ನು ಸ್ಥಿರಪಡಿಸಿದರು. ಸ್ಮೀತ್ ಅವರ ಶಿಷ್ಯಪರಂಪರೆಯಲ್ಲಿ ಬೆಳೆದ ಇಲಾಖೆಯವರೇ ಗುರುವಿನ ಸಿದ್ಧಾಂತವನ್ನು ತಿದ್ದಿದ್ದು, ಮತ್ತು ತಿದ್ದಲು ಅವರಿಗೆ ಆಧಾರವಾದದ್ದು ಅದೇ ಇಲಾಖೆ ಅಷ್ಟು ನಿಷ್ಠೆಯಿಂದ ಮಾಡಿಟ್ಟಿದ್ದ ನಕ್ಷೆಗಳು ಎಂಬುದು, ಈ ವಿದ್ಯೆಯ ಶುದ್ಧಿಗೆ ಸಾಕ್ಷಿಯಾಗಿದೆ. ಸಿದ್ಧಾಂತ ತಪ್ಪಾಗಬಹುದು, ಬಂಡೆ ಇದ್ದಲ್ಲಿ ಬಂಡೆಯನ್ನು ಗುರುತಿಸಿದ ನಕ್ಷೆ ಮುಂದಿನವರಿಗೆ ಉಪಯೋಗಕ್ಕೆ ಬಂದೇ ಬರುತ್ತದೆ.

ಈ ಪರಂಪರೆಯ ಮಧ್ಯಕ್ಕೆ ಬಂದು, ಅದನ್ನು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಕೈಹಿಡಿದು ನಡೆಸಿದವರು ಬಿ. ಪಿ. ರಾಧಾಕೃಷ್ಣ ಅವರು. 1918ರಲ್ಲಿ ಜನಿಸಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೂವಿಜ್ಞಾನವನ್ನು ವ್ಯಾಸಂಗಮಾಡಿ, 1937ರಲ್ಲಿ ಆನರ್ಸ್ ಪದವಿಯನ್ನು ಪಡೆದು, ಅದೇ ವರ್ಷ ಮೈಸೂರು ಭೂವಿಜ್ಞಾನ ಇಲಾಖೆಗೆ ಸೇರಿದರು. ಸೆಂಟ್ರಲ್ ಕಾಲೇಜಿನಲ್ಲಿ ಆಗ ಎಲ್. ರಾಮರಾಯರು ಪಾಠ ಹೇಳುತ್ತಿದ್ದರು - ಇವರು ಮೇಲೆ ಹೇಳಿದ ಇಲಾಖೆಯ ರಾಮರಾಯರಿಂದ ಬೇರೆಯವರು. ಇಬ್ಬರೂ ಒಂದೇ ಕಾಲದಲ್ಲಿ ಒಂದೇ ಶಾಸ್ತ್ರವನ್ನು ಬೆಳೆಸಿದ್ದರಿಂದ ಓದುಗರಿಗೆ ಗೊಂದಲವಾಗುವುದು ಸಹಜ. ರಾಧಾಕೃಷ್ಣ ಅವರ ವಿದ್ಯಾಭ್ಯಾಸದ ಕ್ರಮದಲ್ಲಿ ಇಂದಿನ ನಾವು ಗಮನಿಸಬೇಕಾದ ಒಂದು ಅಂಶವಿದೆ. ಪದವಿಯಾದೊಡನೆ ಅವರು ಸಂಶೋಧನ ಪ್ರಬಂಧಕ್ಕೆ ಕೈಹಾಕಲಿಲ್ಲ. ಹಲವು ವರ್ಷಗಳ ಕಾಲ ಇಲಾಖೆಯ ನೌಕರರಾಗಿ ನಾಡನ್ನು ಸುತ್ತಿ, ನೂರಾರು ಬಂಡೆಗಳ ಮುಂದೆ ನಿಂತು, ಅಧಿಕಾರಿಗಳಿಗೆ ವರದಿ ಬರೆದು, ಆ ಅನುಭವದೊಳಗಿಂದ ಎದ್ದ ಪ್ರಶ್ನೆಯನ್ನೇ ಸಂಶೋಧನೆಯ ವಿಷಯವಾಗಿ ಎತ್ತಿಕೊಂಡು, 1954ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪದವಿಗೆ ಪಾತ್ರರಾದರು. ವಿಷಯ: ಕ್ಲೋಸ್‌ಪೇಟೆಯ, ಎಂದರೆ ಇಂದಿನ ರಾಮನಗರದ, ಗ್ರಾನೈಟ್.

ಆ ಗ್ರಾನೈಟನ್ನು ಬೆಂಗಳೂರು ಮೈಸೂರು ರಸ್ತೆಯಲ್ಲಿ ಪ್ರಯಾಣಮಾಡಿದವರೆಲ್ಲರೂ ಕಂಡಿದ್ದಾರೆ. ರಾಮನಗರದ ಬೆಟ್ಟಗಳೂ ಸಾವನದುರ್ಗವೂ ಅದರವೇ. ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದವಾಗಿಯೂ, 20 ರಿಂದ 25 ಕಿಲೋಮೀಟರ್ ಅಗಲವಾಗಿಯೂ ಕರ್ನಾಟಕದ ನಡುನೆಲವನ್ನು ಸೀಳಿಕೊಂಡು ಹೋಗುವ ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಹೊಸದಾಗಿ ಒಡೆದ ಬಂಡೆಯ ಮುಖವನ್ನು ಸಮೀಪದಿಂದ ನೋಡಿದರೆ, ಹೆಬ್ಬೆರಳಿನಷ್ಟು ಉದ್ದವಾದ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಹರಳುಗಳು, ಅವುಗಳ ಸಂದಿನಲ್ಲಿ ಗಾಜಿನಂತೆ ಮಸಕಾಗಿ ಹೊಳೆಯುವ ಬೆಣಚು, ಅಲ್ಲಲ್ಲಿ ಕರಿಯ ಅಭ್ರಕದ ಚುಕ್ಕೆಗಳು ಕಾಣುತ್ತವೆ. ಇವುಗಳ ನಡುವೆ ಒಮ್ಮೊಮ್ಮೆ ಬೂದುಬಣ್ಣದ, ಗೆರೆಗೆರೆಯಾದ ಒಂದು ತುಂಡು ಶಿಲೆ ಸಿಕ್ಕಿಕೊಂಡಿರುತ್ತದೆ: ಅದು ಗ್ರಾನೈಟಿಗಿಂತಲೂ ಪುರಾತನವಾದ ನೈಸ್. ಕೆಲವು ತುಂಡುಗಳ ಅಂಚು ಕತ್ತರಿಸಿದಂತೆ ಚೂಪಾಗಿದೆ. ಕೆಲವುಗಳಲ್ಲಿ ಅಂಚೇ ಇಲ್ಲ, ಬೂದು ಬಣ್ಣವು ಮೆಲ್ಲಮೆಲ್ಲನೆ ಗುಲಾಬಿಯಲ್ಲಿ ಲೀನವಾಗಿ, ನೈಸ್ ಎಲ್ಲಿ ಮುಗಿಯಿತು ಗ್ರಾನೈಟ್ ಎಲ್ಲಿ ಆರಂಭವಾಯಿತು ಎಂದು ಹೇಳುವುದೇ ಅಸಾಧ್ಯವಾಗುತ್ತದೆ. ಗ್ರಾನೈಟ್ ಎಂಬುದು ಆಳದಿಂದ ದ್ರವವಾಗಿ ಮೇಲೆದ್ದು ಬಂದು ಗಟ್ಟಿಯಾದದ್ದೇ, ಅಥವಾ ಹಳೆಯ ಶಿಲೆಯೇ ಇದ್ದಲ್ಲಿ ಮಾರ್ಪಟ್ಟು ಗ್ರಾನೈಟಾದದ್ದೇ ಎಂದು ಆ ದಶಕಗಳಲ್ಲಿ ಯುರೋಪಿನ ಭೂವಿಜ್ಞಾನಿಗಳೆಲ್ಲ ವಾದದಲ್ಲಿ ಮುಳುಗಿದ್ದರು. ಆ ಮಹಾವಾದಕ್ಕೆ ಸಾಕ್ಷ್ಯ ರಾಮನಗರದ ಬಂಡೆಗಳ ಮೇಲೆ ಬಿಸಿಲಿಗೆ ಬಿದ್ದಿತ್ತು. ಇಲ್ಲಿಯ ಒಬ್ಬ ತರುಣನು ಅದನ್ನು ಓದುವ ಧೈರ್ಯಮಾಡಿ, ತನ್ನ ನಾಡಿನ ವಿಶ್ವವಿದ್ಯಾನಿಲಯದಲ್ಲಿಯೇ ಅದನ್ನು ಪ್ರಬಂಧವಾಗಿಸಿ, 1956ರಲ್ಲಿ ಗ್ರಂಥರೂಪದಲ್ಲಿ ಪ್ರಪಂಚದ ಮುಂದಿಟ್ಟನು. ಅಂದಿನಿಂದ ಇಂದಿನವರೆಗೆ ಕ್ಲೋಸ್‌ಪೇಟೆ ಗ್ರಾನೈಟನ್ನು ನೋಡುವುದಕ್ಕಾಗಿಯೇ ದೇಶವಿದೇಶಗಳ ಪಂಡಿತರು ಬರುತ್ತಿದ್ದಾರೆ.

1965ರಲ್ಲಿ ರಾಧಾಕೃಷ್ಣ ಅವರು ಇಲಾಖೆಯ ನಿರ್ದೇಶಕರಾದರು. ಬರಗಾಲದ ಆ ವರ್ಷಗಳಲ್ಲಿ ಭೂವಿಜ್ಞಾನಿಯ ಮೊದಲ ಕರ್ತವ್ಯ ಕುಡಿಯುವ ನೀರನ್ನು ಹುಡುಕಿಕೊಡುವುದೆಂದು ಅವರು ಎಣಿಸಿ, ಅಂತರ್ಜಲದ ಅಧ್ಯಯನಕ್ಕೆ ಇಲಾಖೆಯಲ್ಲಿ ಸ್ಥಾನವನ್ನು ಕಲ್ಪಿಸಿದರು. ಇದಕ್ಕಾಗಿ ನಾಡು ಅವರಿಗೆ ಎಷ್ಟು ಕೃತಜ್ಞವಾಗಿದ್ದರೂ ಕಡಮೆಯೇ. ಚಿನ್ನದ ವಿಷಯದಲ್ಲಿ ಅವರು ಜೀವನಪರ್ಯಂತ ಎತ್ತಿಹೇಳಿದ ಮಾತು, ಪ್ರಾಚೀನರ ಗಣಿಗುಂಡಿಗಳನ್ನು ಅಲಕ್ಷ್ಯಮಾಡಬಾರದೆಂಬುದು. ಹಟ್ಟಿಯಲ್ಲಿ ಸುಮಾರು 2,000 ವರ್ಷಗಳ ಹಿಂದೆಯೇ, ಸಿಡಿಮದ್ದಾಗಲಿ ಯಂತ್ರವಾಗಲಿ ಇಲ್ಲದ ಕಾಲದಲ್ಲಿ, ಬಂಡೆಯನ್ನು ಬೆಂಕಿಯಿಂದ ಕಾಯಿಸಿ ನೀರೆರಚಿ ಒಡೆಯುತ್ತ, ಜನರು ಬಹಳ ಆಳದವರೆಗೆ ಇಳಿದಿದ್ದರು. ಆ ಪುರಾತನರು ಚಿನ್ನದ ಎಳೆಯನ್ನು ತಪ್ಪಿದ್ದು ಅಪರೂಪ. ಸಂದರ್ಭ ಬಂದುದರಿಂದ ಹೇಳುತ್ತೇನೆ: ಹಟ್ಟಿಗೆ ದೂರವಲ್ಲದ ಮಸ್ಕಿಯಲ್ಲಿ, ಅಶೋಕನೆಂಬ ಹೆಸರನ್ನೇ ಕಂಠೋಕ್ತವಾಗಿ ಹೇಳಿ, ದೇವಾನಾಂಪ್ರಿಯನೆಂದರೆ ಯಾರೆಂಬ ಸಂಶಯವನ್ನು ಪರಿಹರಿಸಿದ ಆ ಪ್ರಸಿದ್ಧ ಶಿಲಾಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ನೆಲವನ್ನು ಕಣ್ಣಿಟ್ಟು ನೋಡುತ್ತ ನಡೆಯುವವರಿಂದ ಚರಿತ್ರೆಗೂ ಇಂಥ ಲಾಭಗಳಾಗಿವೆ.

ಇವೆಲ್ಲಕ್ಕಿಂತ ಮಿಗಿಲಾದ ರಾಧಾಕೃಷ್ಣ ಅವರ ಕಾರ್ಯ, ನನ್ನ ದೃಷ್ಟಿಯಲ್ಲಿ, 1958ರಲ್ಲಿ ಬೆಂಗಳೂರಿನಲ್ಲಿ ಡಿ. ಎನ್. ವಾಡಿಯಾ ಅವರ ಅಧ್ಯಕ್ಷತೆಯಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸಂಘವನ್ನೂ ಅದರ ನಿಯತಕಾಲಿಕವನ್ನೂ ದಶಕಗಳ ಕಾಲ ಕಟ್ಟಿ ಬೆಳೆಸಿದ್ದು. ಕ್ಷೇತ್ರದಲ್ಲಿ ಒಬ್ಬನು ಮಾಡಿದ ನಕ್ಷೆ ಕಚೇರಿಯ ಕಪಾಟಿನಲ್ಲಿ ಕೊಳೆಯದೆ, ಮುದ್ರಿತವಾಗಿ, ಇನ್ನೊಬ್ಬನ ಪರೀಕ್ಷೆಗೂ ಖಂಡನೆಗೂ ತೆರೆದುಕೊಂಡಾಗಲೇ ಶಾಸ್ತ್ರವಾಗುತ್ತದೆಂದು ಅವರು ತಿಳಿದಿದ್ದರು. ನಿವೃತ್ತಿಯ ಅನಂತರ ವೈದ್ಯನಾಥನ್ ಅವರೊಡನೆ ಕರ್ನಾಟಕದ ಭೂವಿಜ್ಞಾನವನ್ನು ಕುರಿತು ಅವರು ಬರೆದ ದೊಡ್ಡ ಗ್ರಂಥವು ಇಂದಿಗೂ ವಿದ್ಯಾರ್ಥಿಗಳಿಗೆ ಆಧಾರಗ್ರಂಥ. 1991ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದಿತು. 2012ರ ಜನವರಿ 26ರಂದು ಅವರು ನಿಧನರಾದರು.

ಈಗ ಕಾಲ ಬದಲಾಗಿದೆ. ಉಪಗ್ರಹಗಳು ಆಕಾಶದಿಂದ ಚಿತ್ರ ತೆಗೆಯುತ್ತವೆ; ವಿಮಾನದಲ್ಲಿ ಕಟ್ಟಿದ ಉಪಕರಣಗಳು ನೆಲದೊಳಗಿನ ಕಾಂತಶಕ್ತಿಯ ಏರಿಳಿತವನ್ನು ಅಳೆಯುತ್ತವೆ; ಈ ಎಲ್ಲವನ್ನೂ ಗಣಕಯಂತ್ರದಲ್ಲಿ ಒಂದರ ಮೇಲೊಂದು ಹೊಂದಿಸಿ, ಖನಿಜ ದೊರೆಯುವ ಸಂಭವ ಎಲ್ಲಿ ಹೆಚ್ಚೆಂಬುದನ್ನು ಗಣಿತದಿಂದ ಕಂಡುಹಿಡಿಯುವ ಒಂದು ಪ್ರತ್ಯೇಕ ಶಾಖೆಯೇ ಬೆಳೆದಿದೆ. ಕೆನಡಾ ದೇಶದ ಸರ್ವೇಕ್ಷಣ ಸಂಸ್ಥೆಯ ಬೋನಮ್-ಕಾರ್ಟರ್ ಮತ್ತು ಆಗ್ಟರ್‌ಬರ್ಗ್ ಎಂಬ ವಿದ್ವಾಂಸರು ನೋವಾ ಸ್ಕೋಶಿಯಾ ಪ್ರಾಂತದ ಚಿನ್ನವನ್ನು ಹಿಡಿದು 1988ರ ಸುಮಾರಿಗೆ ತೋರಿಸಿಕೊಟ್ಟ ಕ್ರಮವು ಇದರಲ್ಲಿ ಪ್ರಸಿದ್ಧವಾದುದು. ಅದರ ತಿರುಳು ಇಷ್ಟು. ಒಂದು ಪ್ರದೇಶವನ್ನು ಸಾವಿರ ಚೌಕಗಳಾಗಿ ವಿಭಾಗಿಸಿದೆವೆಂದೂ, ಅವುಗಳಲ್ಲಿ ನೂರು ಚೌಕಗಳು ಭೂಮಿಯ ಒಂದು ದೊಡ್ಡ ಬಿರುಕಿನ ಸಮೀಪದಲ್ಲಿವೆಯೆಂದೂ, ಈಗಾಗಲೇ ತಿಳಿದ ಚಿನ್ನದ ತಾಣಗಳು ಇಪ್ಪತ್ತೆಂದೂ ಇಟ್ಟುಕೊಳ್ಳೋಣ. ಬಿರುಕಿಗೂ ಚಿನ್ನಕ್ಕೂ ಸಂಬಂಧವಿಲ್ಲದಿದ್ದರೆ, ಆ ಇಪ್ಪತ್ತರಲ್ಲಿ ಎರಡು ಮಾತ್ರ ಬಿರುಕಿನ ಬಳಿ ಬೀಳಬೇಕು. ಹನ್ನೆರಡು ಬಿದ್ದರೆ, ಬಿರುಕಿನ ಸಾಮೀಪ್ಯವು ಚಿನ್ನಕ್ಕೆ ಪುರಾವೆಯೆಂದಾಗಿ ಅದಕ್ಕೆ ತಕ್ಕ ತೂಕವನ್ನು ಕೊಡುತ್ತಾರೆ. ಹೀಗೆಯೇ ಶಿಲೆಯ ಜಾತಿಗೆ, ಹಳ್ಳದ ಮಣ್ಣಿನ ರಾಸಾಯನಿಕ ಗುಣಕ್ಕೆ, ಕಾಂತಶಕ್ತಿಗೆ ತೂಕಗಳನ್ನಿಟ್ಟು, ಎಲ್ಲವನ್ನೂ ಕೂಡಿಸಿ, ಒಂದೊಂದು ಚೌಕಕ್ಕೂ ಸಂಭವನೀಯತೆಯನ್ನು ನಿರ್ಣಯಿಸುತ್ತಾರೆ. ಇಂದಿನ ಕೃತಕ ಬುದ್ಧಿಮತ್ತೆಯ ವಿಧಾನಗಳು ಇದಕ್ಕಿಂತ ಜಟಿಲವಾದರೂ ಮೂಲಭಾವನೆ ಅದೇ.

ಈ ವಿಧಾನಗಳನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ವಿಸ್ತಾರವಾದ ನೆಲದಲ್ಲಿ ಎಲ್ಲಿಂದ ಹುಡುಕಾಟವನ್ನು ಆರಂಭಿಸಬೇಕೆಂಬುದನ್ನು ಪಕ್ಷಪಾತವಿಲ್ಲದೆ ತೋರಿಸಿಕೊಡುವ ಶಕ್ತಿ ಅವುಗಳಲ್ಲಿದೆ. ಆದರೆ ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿರಿ. ಬಿರುಕು ಎಲ್ಲಿದೆಯೆಂದು ಯಂತ್ರಕ್ಕೆ ಹೇಳಿದವರು ಯಾರು? ಇದು ಶಿಸ್ಟ್, ಅದು ನೈಸ್, ಎರಡರ ಗಡಿ ಈ ಹೊಲದ ಬದುವಿನ ಆಚೆಗೆ ಎಂದು ನಿರ್ಣಯಿಸಿದವರು ಯಾರು? ಚಿನ್ನದ ಆ ಇಪ್ಪತ್ತು ತಾಣಗಳನ್ನು ಮೊದಲು ಕಂಡವರು ಯಾರು? ಒಂದಲ್ಲ ಒಂದು ಕಾಲದಲ್ಲಿ ಒಬ್ಬ ಭೂವಿಜ್ಞಾನಿ ಸುತ್ತಿಗೆ, ದಿಕ್ಸೂಚಿ, ಭೂತಗನ್ನಡಿ, ಟಿಪ್ಪಣಿಪುಸ್ತಕ ಇವುಗಳೊಡನೆ ಆ ಹೊಲದ ಬದುವಿನ ಮೇಲೆ ನಿಂತು, ಪದರವು ಯಾವ ದಿಕ್ಕಿಗೆ ಓಡುತ್ತದೆ, ಎಷ್ಟು ಅಂಶ ಓರೆಯಾಗಿ ಒಳಕ್ಕೆ ಇಳಿಯುತ್ತದೆ ಎಂಬುದನ್ನು ಅಳೆದು ಬರೆದುಕೊಂಡಿದ್ದರಿಂದಲೇ ಯಂತ್ರಕ್ಕೆ ಆಹಾರ ದೊರೆತಿದೆ. ಅವನು ಬಿಸಿಲಿಗೆ ಬೇಸತ್ತು, ಮಣ್ಣು ಮುಚ್ಚಿದ ಕಡೆ ಊಹೆಯಿಂದ ಗೆರೆ ಎಳೆದು, ಊಹೆಯೆಂದು ಗುರುತಿಸದೆ ಬಿಟ್ಟಿದ್ದರೆ, ಯಂತ್ರವು ಆ ಊಹೆಯನ್ನೂ ಸತ್ಯವೆಂದೇ ಸ್ವೀಕರಿಸಿ, ಅದರ ಮೇಲೆ ನೂರು ಲೆಕ್ಕಗಳನ್ನು ಕಟ್ಟುತ್ತದೆ. ಇನ್ನೊಂದು ತೊಡಕೂ ಇದೆ: ತಿಳಿದ ತಾಣಗಳಿಂದ ಕಲಿಯುವ ಯಂತ್ರವು ತಿಳಿದದ್ದನ್ನು ಹೋಲುವ ತಾಣಗಳನ್ನೇ ಎತ್ತಿತೋರಿಸುತ್ತದೆ. ಚಿನ್ನದ ಪಟ್ಟಿಗಳಲ್ಲಿ ಇನ್ನೂ ಚಿನ್ನವನ್ನು ತೋರಿಸೀತು. ಯಾರೂ ಇದುವರೆಗೆ ಗಮನಿಸದ ಒಂದು ಪೆಗ್ಮಟೈಟ್ ಎಳೆ ಗೋಮಾಳದ ಮೂಲೆಯಲ್ಲಿ ತಲೆಯೆತ್ತಿದ್ದರೆ, ಅದನ್ನು ಕಾಣುವುದಕ್ಕೆ ಅಲ್ಲಿ ನಡೆದುಹೋಗುವ ಒಬ್ಬ ಮನುಷ್ಯನೇ ಬೇಕು.

ಸರ್ಕಾರವು ಖನಿಜಗಳ ವಿಷಯದಲ್ಲಿ ಈಚೆಗೆ ತೋರಿಸುತ್ತಿರುವ ಆಸಕ್ತಿ ಸ್ವಾಗತಾರ್ಹ. 2023ರಲ್ಲಿ ದೇಶಕ್ಕೆ ಅತ್ಯಗತ್ಯವಾದ 30 ಖನಿಜಗಳ ಪಟ್ಟಿಯನ್ನು ಪ್ರಕಟಿಸಿದರು. ಅದೇ ವರ್ಷ ಕಾನೂನನ್ನು ತಿದ್ದಿ, ಆಳದಲ್ಲಿರುವ ಮತ್ತು ವಿರಳವಾದ 29 ಖನಿಜಗಳಿಗೆ ಅನ್ವೇಷಣೆಯ ಪರವಾನಗಿಯೆಂಬ ಹೊಸ ಪದ್ಧತಿಯನ್ನು ತಂದರು. ವರ್ಷಾಂತ್ಯದಲ್ಲಿ ಭೂವೈಜ್ಞಾನಿಕ ದತ್ತಾಂಶಗಳ ರಾಷ್ಟ್ರೀಯ ಭಂಡಾರವನ್ನು ಸಾರ್ವಜನಿಕರಿಗೆ ತೆರೆದರು. ಇವೆಲ್ಲ ಒಳ್ಳೆಯ ಕಾರ್ಯಗಳೇ. ಆದರೆ ಭಂಡಾರವನ್ನು ತುಂಬುವವರ ಯೋಗಕ್ಷೇಮದ ಮಾತು ಇವುಗಳಲ್ಲಿ ಎಷ್ಟು ಕೇಳಿಬರುತ್ತದೆ? ಭೂವಿಜ್ಞಾನದ ಪದವಿ ತರಗತಿಗಳಿಗೆ ವಿದ್ಯಾರ್ಥಿಗಳು ಬರುವುದು ವಿರಳವಾಗುತ್ತಿದೆಯೆಂದೂ, ಬಂದವರಿಗೂ ಕ್ಷೇತ್ರಕಾರ್ಯಕ್ಕೆ ದೊರೆಯುವ ಕಾಲ ಕುಗ್ಗುತ್ತಿದೆಯೆಂದೂ ಅಧ್ಯಾಪಕರು ಕೊರಗುವುದನ್ನು ಕೇಳುತ್ತಿರುತ್ತೇವೆ. ಪ್ರವಾಸದ ಬಸ್ಸಿನಿಂದ ಇಳಿದು, ಬಂಡೆಯ ಮುಂದೆ ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗಿದರೆ ಅದು ಕ್ಷೇತ್ರಕಾರ್ಯವಾಗುವುದಿಲ್ಲ. ಒಂದು ಹೋಬಳಿಯಷ್ಟು ನೆಲವನ್ನು ವಿದ್ಯಾರ್ಥಿಗೆ ಒಪ್ಪಿಸಿ, ಅದರ ನಕ್ಷೆಯನ್ನು ಅವನೇ ಸ್ವತಃ ಸಿದ್ಧಪಡಿಸಬೇಕೆಂದು ವಿಧಿಸಿ, ಅವನು ಎಳೆದ ಪ್ರತಿಯೊಂದು ಗೆರೆಯನ್ನೂ ಗುರುವು ಅದೇ ಸ್ಥಳದಲ್ಲಿ ನಿಂತು ಪ್ರಶ್ನಿಸಬೇಕು. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬ ವಿವೇಕವು ಮತ್ತಾವ ರೀತಿಯಿಂದಲೂ ಬರುವುದಿಲ್ಲ.

ವಿದ್ಯಾರ್ಥಿಗಳು ಗಣಕಯಂತ್ರವನ್ನು ಕಲಿಯಬಾರದೆಂದು ಇದರ ಅರ್ಥವಲ್ಲ, ಚೆನ್ನಾಗಿ ಕಲಿಯಲಿ. ತಾನೇ ನಡೆದು ನಕ್ಷೆ ಬರೆದವನು ಯಂತ್ರದ ಉತ್ತರವನ್ನು ಸಂದೇಹಿಸಲೂ ಬಲ್ಲನು, ಅದರಿಂದ ಲಾಭ ಪಡೆಯಲೂ ಬಲ್ಲನು. ನಡೆಯದವನಿಗೆ ಈ ಎರಡೂ ಸಾಧ್ಯವಿಲ್ಲ.

ಅನ್ವೇಷಣೆಯ ವಿಚಾರದಲ್ಲಿ ಗ್ರಾಮಸ್ಥರ ಹಿತವನ್ನೂ ಇಲ್ಲಿ ನೆನೆಯಬೇಕು. ಕುದುರೆಮುಖದ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಯಲ್ಲಿ ನಿಂತದ್ದನ್ನು ನಾವು ಕಂಡಿದ್ದೇವೆ. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಅಲ್ಲಿಯ ಜನ ಪಟ್ಟ ಪಾಡನ್ನೂ ಕಂಡಿದ್ದೇವೆ. ನೆಲದಲ್ಲಿ ಏನಿದೆಯೆಂಬ ಜ್ಞಾನ ಬೇರೆ, ಅದನ್ನು ತೆಗೆಯಬೇಕೋ ಬೇಡವೋ ಎಂಬ ತೀರ್ಮಾನ ಬೇರೆ. ಎರಡನೆಯದು ನ್ಯಾಯವಾಗಿ ನಡೆಯಬೇಕಾದರೆ ಮೊದಲನೆಯದು ಎಲ್ಲರ ಕೈಗೂ ಎಟುಕುವಂತಿರಬೇಕು. ತಮ್ಮ ಊರಿನ ಸುತ್ತ ಯಾವ ಶಿಲೆಯಿದೆ, ನೀರು ಎಲ್ಲಿ ನಿಲ್ಲುತ್ತದೆ, ಅದಿರಿನ ಅಂದಾಜು ಯಾವ ಹಂತದ್ದು ಎಂಬುದನ್ನು ಕನ್ನಡದಲ್ಲಿ ಸರಳವಾಗಿ ವಿವರಿಸುವ ಭೂವೈಜ್ಞಾನಿಕ ನಕ್ಷೆಯೊಂದು ಪ್ರತಿ ತಾಲ್ಲೂಕು ಕಚೇರಿಯಲ್ಲಿಯೂ ಪ್ರೌಢಶಾಲೆಯಲ್ಲಿಯೂ ಗೋಡೆಯ ಮೇಲಿರಬಾರದೇಕೆ? ಅದಕ್ಕೆ ಬೇಕಾದ ಮೂಲನಕ್ಷೆಗಳು ಈಗಾಗಲೇ ಇವೆ. ಕನ್ನಡಿಸಿ ಅಚ್ಚುಹಾಕಿಸುವ ಸಂಕಲ್ಪವೊಂದೇ ಬೇಕಾಗಿದೆ.

ಗಣಿಗುತ್ತಿಗೆದಾರರು ಸರ್ಕಾರಕ್ಕೆ ಸಲ್ಲಿಸುವ ರಾಜಧನದೊಡನೆ, ಅನ್ವೇಷಣೆಗೆಂದೇ ಮತ್ತೊಂದು ಅಂಶವನ್ನು ಪಡೆದು ಒಂದು ರಾಷ್ಟ್ರೀಯ ನಿಧಿಯಲ್ಲಿ ಕೂಡಿಡುವ ಏರ್ಪಾಡು 2015ರಿಂದ ಜಾರಿಯಲ್ಲಿದೆ. ಕರ್ನಾಟಕದ ಗಣಿಗಳಿಂದ ಆ ನಿಧಿಗೆ ಹೋಗುವ ಹಣದಲ್ಲಿ ಒಂದು ಪಾಲನ್ನಾದರೂ ಈ ನಾಡಿನ ವಿಶ್ವವಿದ್ಯಾನಿಲಯಗಳ ಭೂವಿಜ್ಞಾನ ವಿಭಾಗಗಳಿಗೆ ಕ್ಷೇತ್ರಾಭ್ಯಾಸಕ್ಕೆಂದು ಮೀಸಲಿಡಿಸಬೇಕು. ವಿದ್ಯಾರ್ಥಿಗಳಿಗೆ ಒಂದು ಪೂರ್ಣ ಋತುವಿನ ವಸತಿ, ವಾಹನ, ವೇತನಗಳನ್ನು ಅದರಿಂದ ಒದಗಿಸಬೇಕು. ಅವರು ಸಿದ್ಧಪಡಿಸಿದ ನಕ್ಷೆಗಳನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆ ಪರಿಶೀಲಿಸಿ, ಬರೆದವರ ಹೆಸರಿನೊಡನೆ ಪ್ರಕಟಿಸಬೇಕು. ರಾಜ್ಯದ ಗಣಿ ಸಚಿವರೂ ವಿಶ್ವವಿದ್ಯಾನಿಲಯಗಳ ಕುಲಪತಿಗಳೂ ಒಟ್ಟಿಗೆ ಕುಳಿತು, ಬರುವ ವ್ಯಾಸಂಗವರ್ಷದಿಂದಲೇ ಇದನ್ನು ಪ್ರಾರಂಭಿಸಬೇಕೆಂದು ನಾನು ಪ್ರಾರ್ಥಿಸುತ್ತೇನೆ.